ಅಟ್ಟದ ಮೇಲಿನ ವಿಮಾನಗಳು

ವಿಮಾನವೆಂದರೆ ಆಕಾಶದಲ್ಲಿರಬೇಕು, ಇಲ್ಲವೆ ನಿಲ್ದಾಣದಲ್ಲಿರಬೇಕು. ಆದರೆ ಅಟ್ಟದ ಮೇಲೆ, ಮಂಚದ ಅಡಿಯಲ್ಲಿ, ಬೀರುವಿನ ನೆತ್ತಿಯ ಮೇಲಿಟ್ಟ ಹಳೆಯ ಪಾದರಕ್ಷೆಯ ಡಬ್ಬಿಗಳಲ್ಲಿ ಹತ್ತಾರು ವರ್ಷಗಳಿಂದ ನಿದ್ರಿಸುತ್ತಿರುವ ವಿಮಾನಗಳೂ ಈ ಲೋಕದಲ್ಲಿ ಲೆಕ್ಕವಿಲ್ಲದಷ್ಟಿವೆ. ಒಂದಕ್ಕೆ ಎಡರೆಕ್ಕೆಯಿದ್ದರೆ ಬಲರೆಕ್ಕೆಯಿಲ್ಲ. ಇನ್ನೊಂದಕ್ಕೆ ಎಲ್ಲವೂ ಇದ್ದು ಬಣ್ಣವಿಲ್ಲ. ಮತ್ತೊಂದರ ಒಳಗೆ ಬೆರಳುಗುರಿನಷ್ಟು ಗಾತ್ರದ ಚಾಲಕನು ಐವತ್ತು ವರ್ಷಗಳಿಂದ ಕುಳಿತಿದ್ದಾನೆ. ಅವನ ತಲೆಯ ಮೇಲಿನ ಗಾಜಿನ ಕವಚವನ್ನು ಮುಚ್ಚಲು ಯಾರಿಗೂ ಬಿಡುವಾಗಿಲ್ಲ.

ನಾನು ಹೇಳುತ್ತಿರುವುದು ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಜೋಡಿಸಿ ಮಾಡುವ ಅಂಗೈಯಗಲದ ಮಾದರಿ ವಿಮಾನಗಳ ವಿಚಾರ. ಇಂಗ್ಲೆಂಡಿನಲ್ಲಿ 1950-60ರ ದಶಕಗಳಲ್ಲಿ ಬಾಲ್ಯವನ್ನು ಕಳೆದ ಗಂಡುಮಕ್ಕಳಲ್ಲಿ ಇವನ್ನು ಒಮ್ಮೆಯೂ ಮುಟ್ಟದವನು ಅಪರೂಪ. ಅವರೆಲ್ಲ ಈಗ ಅಜ್ಜಂದಿರಾಗಿದ್ದಾರೆ. ವೃತ್ತಿಯಿಂದ ನಿವೃತ್ತರಾಗಿ, ಮಕ್ಕಳು ತಮ್ಮ ತಮ್ಮ ದಾರಿ ಹಿಡಿದ ಮೇಲೆ, ಒಂದು ದಿನ ಅಟ್ಟ ಹತ್ತಿ ಆ ಡಬ್ಬಿಗಳನ್ನು ಕೆಳಗಿಳಿಸುತ್ತಾರೆ. ಹೊಸದನ್ನು ಕೊಳ್ಳದೆ, ಹುಡುಗನಾಗಿದ್ದಾಗ ಕೈಬಿಟ್ಟ ಹಳೆಯದನ್ನೇ ಮುಗಿಸಬೇಕೆಂದು ಹಟ ತೊಡುತ್ತಾರೆ. ಈ ಹಟದಲ್ಲಿ ಏನಿದೆ ಎಂಬ ಕುತೂಹಲವೇ ಈ ಲೇಖನಕ್ಕೆ ಕಾರಣ.

ಎರಡು ಶಿಲ್ಲಿಂಗಿಗೆ ಒಂದು ನೌಕೆ

ಮಾದರಿಗಳ ಕಥೆಯಲ್ಲಿ ಮೊದಲು ಹೇಳಬೇಕಾದ ಹೆಸರು ‘ಫ್ರಾಗ್’ ಎಂಬುದು. ಕಪ್ಪೆ ಎಂದೇ ಅರ್ಥವಾದರೂ, ‘ನೆಲದಿಂದ ನೇರವಾಗಿ ಹಾರುವುದು’ ಎಂಬರ್ಥದ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳಿಂದ ಮಾಡಿದ ಹೆಸರದು. ಈ ಸಂಸ್ಥೆಯವರು ರಬ್ಬರು ಸುತ್ತಿ ಹಾರಿಸುವ ವಿಮಾನಗಳನ್ನು ಮಾಡುತ್ತಿದ್ದರು. 1936ರಲ್ಲಿ ಅವರು ಹಾರದ, ಕೇವಲ ನೋಡಿ ನಲಿಯುವ ಪ್ಲಾಸ್ಟಿಕ್ ಮಾದರಿಗಳನ್ನು ಹೊರತಂದಾಗ ಅವುಗಳಿಗೆ ‘ಪೆಂಗ್ವಿನ್’ ಎಂದು ಹೆಸರಿಟ್ಟರು. ರೆಕ್ಕೆಯಿದ್ದೂ ಹಾರಲಾರದ ಹಕ್ಕಿಯ ಹೆಸರು! ಹೆಸರಿಡುವುದರಲ್ಲಿ ಇಷ್ಟು ರಸಿಕತೆ ತೋರಿದ ವ್ಯಾಪಾರಿಗಳು ಕಡಿಮೆ. ಆದರೆ ಆ ಕಾಲದ ಪ್ಲಾಸ್ಟಿಕ್ಕು ಸೆಲ್ಯುಲೋಸ್ ಅಸಿಟೇಟ್. ಕಾಲ ಕಳೆದಂತೆ ಹಪ್ಪಳದಂತೆ ಸೊಟ್ಟಗಾಗುವ ವಸ್ತು.

ಎರಡನೆಯ ಹೆಸರು ‘ಏರ್‌ಫಿಕ್ಸ್’. ಇದನ್ನು 1939ರಲ್ಲಿ ಸ್ಥಾಪಿಸಿದವನು ಹಂಗೇರಿಯಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆನಿಂತ ನಿಕೊಲಸ್ ಕೋವ್ ಎಂಬಾತ. ಮೊದಲಿಗೆ ಅವನು ಮಾಡುತ್ತಿದ್ದುದು ಗಾಳಿ ತುಂಬಿದ ರಬ್ಬರಿನ ಆಟಿಕೆಗಳನ್ನು, ಯುದ್ಧಾನಂತರ ಬಾಚಣಿಗೆಗಳನ್ನು. ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಉಕ್ಕಿನ ಅಚ್ಚಿಗೆ ನುಗ್ಗಿಸುವ ಯಂತ್ರವನ್ನು ಅವನು ತರಿಸಿದ್ದು ಬಾಚಣಿಗೆಗಾಗಿಯೇ. 1949ರಲ್ಲಿ ಫರ್ಗ್ಯುಸನ್ ಟ್ರಾಕ್ಟರ್ ಕಂಪನಿಯವರು ತಮ್ಮ ಮಾರಾಟಗಾರರು ರೈತರಿಗೆ ತೋರಿಸಲೆಂದು ಟ್ರಾಕ್ಟರಿನ ಪುಟ್ಟ ಪ್ರತಿಕೃತಿಗಳನ್ನು ಬಯಸಿದರು. ಅದನ್ನು ಕಾರ್ಖಾನೆಯಲ್ಲೇ ಜೋಡಿಸಿ ಕೊಡುವುದು ಬಲು ತ್ರಾಸದ ಕೆಲಸವಾಗಿತ್ತು. ಬಿಡಿಭಾಗಗಳನ್ನೇ ಮಾರಿ ಜೋಡಿಸುವ ಶ್ರಮವನ್ನು ಕೊಂಡವರಿಗೆ ಬಿಟ್ಟರೆ ಹೇಗೆ ಎಂಬ ಉಪಾಯ ಅಲ್ಲಿಂದ ಹುಟ್ಟಿತು. ಶ್ರಮವನ್ನು ಮಾರುವವರನ್ನು ಲೋಕ ಕಂಡಿತ್ತು; ಶ್ರಮಪಡುವ ಅವಕಾಶವನ್ನೇ ಕಾಸಿಗೆ ಮಾರಿದವನು ಕೋವ್. 1952ರಲ್ಲಿ ಫ್ರಾನ್ಸಿಸ್ ಡ್ರೇಕನ ‘ಗೋಲ್ಡನ್ ಹೈಂಡ್’ ನೌಕೆಯ ಬಿಡಿಭಾಗಗಳನ್ನು, ಡಬ್ಬಿಯ ಖರ್ಚೂ ಬೇಡವೆಂದು, ಪಾಲಿಥೀನ್ ಚೀಲದಲ್ಲಿ ಹಾಕಿ, ಮೇಲೊಂದು ಕಾಗದದ ಪಟ್ಟಿ ಹೊಲಿದು, ವುಲ್‌ವರ್ತ್ ಅಂಗಡಿಗಳಲ್ಲಿ ಎರಡು ಶಿಲ್ಲಿಂಗಿಗೆ ಮಾರಿದರು. ಆ ಹೊತ್ತಿಗೆ ಅಸಿಟೇಟನ್ನು ಬಿಟ್ಟು ಪಾಲಿಸ್ಟೈರೀನ್ ಎಂಬ ಸ್ಥಿರವಾದ ಪ್ಲಾಸ್ಟಿಕ್ಕಿಗೆ ಬಂದಿದ್ದರು. ಅದೇ ದಶಕದಲ್ಲಿ ಸ್ಪಿಟ್‌ಫೈರ್ ವಿಮಾನವೂ ಅದೇ ಬಗೆಯ ಚೀಲದಲ್ಲಿ ಬಂದಿತು. ಆಮೇಲೆ ಹಿಂದೆ ನೋಡಿದ್ದಿಲ್ಲ.

ಎಪ್ಪತ್ತೆರಡರಲ್ಲಿ ಒಂದು ಪಾಲು ಎಂಬ ಅಳತೆಯ ವಿಚಾರವನ್ನೂ ಇಲ್ಲಿಯೇ ಹೇಳಿಬಿಡಬೇಕು. ಇದೇನು ವಿಚಿತ್ರ ಸಂಖ್ಯೆ ಎಂದು ದಶಮಾನದಲ್ಲಿ ಬೆಳೆದ ನಮಗೆ ಅನ್ನಿಸುವುದು ಸಹಜ. ಅಡಿ ಇಂಚುಗಳ ಲೆಕ್ಕದಲ್ಲಿ ಮಾತ್ರ ಅದಕ್ಕಿಂತ ಸರಳವಾದುದಿಲ್ಲ: ಆರು ಅಡಿಗೆ ಒಂದು ಇಂಚು. ಅಂದರೆ ಆರಡಿಯ ಆಳು ಒಂದಿಂಚಾಗುತ್ತಾನೆ. ಮೂವತ್ತಾರು ಅಡಿ ಹತ್ತು ಇಂಚು ರೆಕ್ಕೆಯಗಲದ ಸ್ಪಿಟ್‌ಫೈರ್ ಆರಿಂಚನ್ನು ಕೂದಲೆಳೆಯಷ್ಟು ಮೀರುತ್ತದೆ. ಈ ಅಳತೆಗೆ ಯುದ್ಧವೂ ಒಂದು ಕಾರಣ. 1942ರಲ್ಲಿ ಅಮೆರಿಕದ ನೌಕಾಪಡೆಯವರು, ಶತ್ರು ಯಾರು ಮಿತ್ರ ಯಾರು ಎಂದು ಸೈನಿಕರು ಆಕೃತಿಯಿಂದಲೇ ಗುರುತಿಸಲು ಕಲಿಯಲೆಂದು, ಇದೇ ಅಳತೆಯ ಐದು ಲಕ್ಷ ಮರದ ಮಾದರಿಗಳನ್ನು ಕೆತ್ತಿಕೊಡಿರೆಂದು ತಮ್ಮ ದೇಶದ ಶಾಲಾಮಕ್ಕಳನ್ನು ಕೇಳಿದ್ದರು.

ಅರ್ಧಕ್ಕೆ ನಿಲ್ಲುವುದೇಕೆ?

ಆರಂಭಶೂರತ್ವವೆಂಬ ಪದವನ್ನು ನಾವು ನಿಂದೆಗಾಗಿಯೇ ಬಳಸುತ್ತೇವೆ. ಹುಡುಗರ ವಿಷಯದಲ್ಲಿ ಅದು ಅನ್ಯಾಯವೆಂದು ನನ್ನ ಭಾವನೆ. ಡಬ್ಬಿಯ ಮೇಲಿನ ಚಿತ್ರವನ್ನು ನೋಡಿ ಹುಡುಗ ಅದನ್ನು ಕೊಳ್ಳುತ್ತಾನೆ. 1964ರಿಂದ ಹತ್ತು ವರ್ಷ ಏರ್‌ಫಿಕ್ಸಿಗೆ ಈ ಚಿತ್ರಗಳನ್ನು ಬರೆದ ರಾಯ್ ಕ್ರಾಸ್ ಎಂಬ ಕಲಾವಿದನ ಕುಂಚದಲ್ಲಿ ಮೋಡಗಳ ನಡುವೆ ವಿಮಾನವು ವಾರೆಯಾಗಿ ತಿರುಗುತ್ತಿರುತ್ತದೆ, ದೂರದಲ್ಲಿ ಹೊಗೆ ಏಳುತ್ತಿರುತ್ತದೆ. ಒಳಗೆ ತೆರೆದು ನೋಡಿದರೆ ಬೂದು ಬಣ್ಣದ ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡ ತುಣುಕುಗಳು. ಚಿತ್ರಕ್ಕೂ ತುಣುಕುಗಳಿಗೂ ನಡುವಿನ ದೂರವನ್ನು ಹತ್ತು ವರ್ಷದ ಬೆರಳುಗಳು ದಾಟಬೇಕು.

ಮೊದಲ ಸಂಜೆ ಉತ್ಸಾಹದಲ್ಲಿ ಕಳೆಯುತ್ತದೆ. ಒಡಲಿನ ಎರಡು ಹೋಳುಗಳು ಕೂಡುತ್ತವೆ, ರೆಕ್ಕೆ ನಿಲ್ಲುತ್ತದೆ. ಆಗಲೇ ತೊಡಕು ಕಾಣಿಸಿಕೊಳ್ಳುವುದು. ಎರಡು ಹೋಳುಗಳ ನಡುವಿನ ಬಿರುಕು ಮುಚ್ಚುವುದಿಲ್ಲ. ಅದಕ್ಕೆ ಪುಟ್ಟಿ ಮೆತ್ತಿ, ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಮೆತ್ತಿ, ಮತ್ತೆ ಉಜ್ಜಬೇಕು. ಇದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಬಿಟ್ಟುಹೋದ ಮಾದರಿಗಳಲ್ಲಿ ಬಹಳಷ್ಟು ಈ ಹಂತದಲ್ಲಿ ನಿಂತವು. ಇನ್ನು ಕೆಲವು ಬಣ್ಣದ ಹಂತದಲ್ಲಿ; ಅದಕ್ಕೂ ಮುಂದೆ ಹೋದವು ಗಾಜಿನ ಕವಚದ ಹಂತದಲ್ಲಿ. ನಾಲ್ಕು ಎಂಜಿನಿನ ಬಾಂಬರ್ ವಿಮಾನವೊಂದಕ್ಕೆ ಮೂಗಿನಿಂದ ಬಾಲದವರೆಗೆ ಗಾಜಿನ ಗೂಡುಗಳೇ. ಒಂದೊಂದು ಗೂಡಿಗೂ ಹತ್ತಾರು ಚೌಕಟ್ಟು. ಒಂದೊಂದು ಚೌಕಟ್ಟಿಗೂ ಗೆರೆ ದಾಟದ ಬಣ್ಣ. ಮೊದಲ ಮಹಾಯುದ್ಧದ ಕಾಲದ ಜೋಡಿರೆಕ್ಕೆಯ ವಿಮಾನವಾದರೆ ರೆಕ್ಕೆಗಳ ನಡುವೆ ಬಿಗಿದ ತಂತಿಗಳು ಬೇರೆ. ಅಷ್ಟರಲ್ಲಿ ಪರೀಕ್ಷೆ ಬರುತ್ತದೆ, ಇಲ್ಲವೆ ಮೀಸೆ ಬರುತ್ತದೆ. ಡಬ್ಬಿ ಅಟ್ಟ ಸೇರುತ್ತದೆ. ನಮ್ಮ ಹಳ್ಳಿಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ಮಾರಿಯನ್ನು ದಿನವೂ ಹಿಂದಕ್ಕೆ ಕಳಿಸುತ್ತಿದ್ದರಂತೆ. ಡಬ್ಬಿಗೂ ಅದೇ ಉತ್ತರ.

ಈ ಹವ್ಯಾಸದವರು ತಮ್ಮ ಅರೆಬರೆ ಮಾದರಿಗಳನ್ನಿಡುವ ಕಪಾಟಿಗೆ ‘ದುರ್ಗತಿಯ ಕಪಾಟು’ ಎಂಬರ್ಥದ ಹೆಸರನ್ನಿಟ್ಟುಕೊಂಡಿದ್ದಾರೆ. ತಮ್ಮನ್ನು ತಾವೇ ಹಾಸ್ಯಮಾಡಿಕೊಳ್ಳುವುದು ಆ ಜನಕ್ಕೆ ರಕ್ತಗತ.

ಡಬ್ಬಿ ತೆರೆದಾಗ

ಐವತ್ತು ವರ್ಷಗಳ ಅನಂತರ ಡಬ್ಬಿ ತೆರೆದವನಿಗೆ ಕಾದಿರುವುದೇನು? ಸಂತೋಷದ ಸಂಗತಿ ಮೊದಲು. ಪಾಲಿಸ್ಟೈರೀನ್ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಅದು ಕೊಳೆಯದು, ತುಕ್ಕು ಹಿಡಿಯದು, ಗೆದ್ದಲಿಗೆ ಬೇಡ. ಅಂಟಿನ ಕೊಳವೆ ಕಲ್ಲಾಗಿರುತ್ತದೆ; ಬಣ್ಣದ ಪುಟ್ಟ ಡಬ್ಬಿಗಳ ಮೇಲೆ ಕೆನೆಗಟ್ಟಿ ಗಟ್ಟಿಯಾಗಿರುತ್ತದೆ. ಇವುಗಳಿಗೆ ಬದಲು ಹೊಸದನ್ನು ತಂದರಾಯಿತು.

ತೊಂದರೆಗಳು ಬೇರೆ ಕಡೆ ಇವೆ, ಮತ್ತು ಅವು ತೀರ ಅನಿರೀಕ್ಷಿತವಾದವು. ಕೆಲವು ಮಾದರಿಗಳಿಗೆ ಮೆತ್ತನೆಯ ವಿನೈಲ್ ಟೈರುಗಳನ್ನು ಕೊಡುತ್ತಿದ್ದರು. ಆ ಟೈರನ್ನು ಮೆತ್ತಗಿಡುವ ಎಣ್ಣೆಯಂತಹ ದ್ರವ್ಯವು ವರ್ಷಗಳುರುಳಿದಂತೆ ಹೊರಗೆ ಜಿನುಗಿ, ತಾನು ತಾಗಿದ ಪಾಲಿಸ್ಟೈರೀನನ್ನು ಕರಗಿಸಿಬಿಡುತ್ತದೆ. ಹೊರಗಿನಿಂದ ನೋಡಿದರೆ ಚಕ್ರ ಸರಿಯಾಗಿದೆ. ಟೈರು ಬಿಚ್ಚಿದರೆ ಒಳಗೆ ಹಲ್ಲಿನಿಂದ ಕಚ್ಚಿ ತಿಂದಂತಿರುತ್ತದೆ. ಇನ್ನೊಂದು ಇನ್ನೂ ವಿಚಿತ್ರ. ಮೂಗಿನಡಿಯಲ್ಲಿ ಮುಂಗಾಲಿರುವ ವಿಮಾನದ ಮಾದರಿಗೆ ಮೂಗಿನೊಳಗೆ ಭಾರವಿಡದಿದ್ದರೆ ಅದು ನಾಯಿಯಂತೆ ಬಾಲದ ಮೇಲೆ ಕುಳಿತುಬಿಡುತ್ತದೆ. ಅದಕ್ಕಾಗಿ ಸೀಸದ ಗುಂಡುಗಳನ್ನು ತುಂಬಿ, ಮರಗೆಲಸದ ಬಿಳಿಯ ಅಂಟನ್ನು ಸುರಿಯುವ ರೂಢಿಯಿತ್ತು. ಆ ಅಂಟಿನ ಆಮ್ಲಾಂಶಕ್ಕೆ ಸೀಸವು ನಿಧಾನವಾಗಿ ಬಿಳಿಯ ಪುಡಿಯಾಗಿ ಮಾರ್ಪಡುತ್ತದೆ, ಪುಡಿಯಾಗುತ್ತ ಉಬ್ಬುತ್ತದೆ, ಉಬ್ಬುತ್ತ ವಿಮಾನದ ಮೂಗನ್ನು ಒಳಗಿನಿಂದ ಸೀಳುತ್ತದೆ. ಮುಗಿದು ಗಾಜಿನ ಬೀರು ಸೇರಿದ ಮಾದರಿಗಳೂ ಹೀಗೆ ಒಡೆದುಕೊಂಡದ್ದುಂಟು. ಮುಗಿಸಿಟ್ಟದ್ದೆಲ್ಲ ಮುಗಿಯಿತೆಂದು ತಿಳಿಯುವಂತಿಲ್ಲ!

ಪ್ಲಾಸ್ಟಿಕ್ ಅಂಟು ಗೋಂದಿನಂತಲ್ಲ. ಗೋಂದು ಎರಡು ವಸ್ತುಗಳ ನಡುವೆ ತಾನು ನಿಂತು ಹಿಡಿದಿಡುತ್ತದೆ. ಇದು ಎರಡೂ ಅಂಚುಗಳನ್ನು ಕರಗಿಸಿ, ಒಂದರೊಳಗೊಂದು ಬೆರೆಸಿ, ತಾನು ಆವಿಯಾಗಿ ಹೋಗುತ್ತದೆ. ಬೆಸುಗೆಯೆಂದೇ ಹೇಳಬೇಕು. ಆದ್ದರಿಂದ ಹುಡುಗ ಸೊಟ್ಟಗೆ ಅಂಟಿಸಿದ ರೆಕ್ಕೆಯನ್ನು ಅಜ್ಜ ಬಿಡಿಸುವುದು ಸುಲಭವಲ್ಲ. ಆದರೆ ಕೊಳವೆಯ ಅಂಟನ್ನು ಧಾರಾಳವಾಗಿ ಬಳಿದಿದ್ದ ಹಳೆಯ ಕೂಡಿಕೆಯಾದರೆ ಒಂದು ಉಪಾಯವಿದೆ. ಮಾದರಿಯನ್ನು ಶೀತಪೆಟ್ಟಿಗೆಯ ಹಿಮಗಟ್ಟುವ ಖಾನೆಯಲ್ಲಿ ಕೆಲವು ಗಂಟೆಗಳ ಕಾಲ ಇಟ್ಟು ತೆಗೆದರೆ ಅಂಟು ಪೆಡಸಾಗಿ, ಮೆಲ್ಲಗೆ ತಿರುಚಿದೊಡನೆ ಎಷ್ಟೋ ಸಲ ಟಪ್ಪನೆ ಬಿಟ್ಟುಕೊಳ್ಳುತ್ತದೆ. ಮನೆಯಾಕೆ ಬಟಾಣಿಯ ಪೊಟ್ಟಣಕ್ಕೆಂದು ಕೈ ಹಾಕಿ ಬಾಂಬರ್ ವಿಮಾನವನ್ನು ಹೊರತೆಗೆಯುವ ಪ್ರಸಂಗಗಳು ಇದರಿಂದ ಒದಗುತ್ತವೆ.

ಕಳೆದುಹೋದ ತುಣುಕುಗಳಿಗೂ ಪರಿಹಾರವಿದೆ. ಬಿಡಿಭಾಗಗಳನ್ನು ಹಿಡಿದಿದ್ದ ಕಡ್ಡಿಯ ತುಂಡೊಂದನ್ನು ಮೋಂಬತ್ತಿಯ ಜ್ವಾಲೆಗೆ ತಾಗಿಸದೆ ಮೇಲೆ ಹಿಡಿದು ತಿರುಗಿಸಿ, ಮೆತ್ತಗಾದೊಡನೆ ಎರಡೂ ತುದಿಗಳನ್ನು ಎಳೆದರೆ ಕೂದಲಿನಷ್ಟು ತೆಳ್ಳಗಿನ ಎಳೆ ಬರುತ್ತದೆ. ರೇಡಿಯೋ ತಂತಿಗೂ ಜೋಡಿರೆಕ್ಕೆಯ ಬಿಗಿತಕ್ಕೂ ಅದೇ ಸಾಕು.

ತಾತನ ನ್ಯಾಟ್

ಈ ವಿಷಯ ನನ್ನ ಗಮನಕ್ಕೆ ಬಂದದ್ದು ಪುಸ್ತಕದಿಂದಲ್ಲ. ನಮ್ಮ ತಾಯಿಯ ತಂದೆ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಅವರು ಸೇರಿದ ಕಾಲಕ್ಕೆ ಅಲ್ಲಿ ‘ನ್ಯಾಟ್’ ಎಂಬ ಪುಟ್ಟ ಕಾದಾಟದ ವಿಮಾನ ತಯಾರಾಗುತ್ತಿತ್ತು. ಇಂಗ್ಲೆಂಡಿನ ಫಾಲೆಂಡ್ ಕಂಪನಿಯ ಪೆಟ್ಟರ್ ಎಂಬ ವಿನ್ಯಾಸಕ, ಯುದ್ಧವಿಮಾನಗಳು ವರ್ಷದಿಂದ ವರ್ಷಕ್ಕೆ ಭಾರವೂ ದುಬಾರಿಯೂ ಆಗುತ್ತಿರುವುದನ್ನು ಕಂಡು ಬೇಸತ್ತು, ಹಗುರವಾದ ಅಗ್ಗದ ವಿಮಾನವೊಂದನ್ನು ರಚಿಸಿದ. 1955ರಲ್ಲಿ ಅದು ಮೊದಲು ಹಾರಿತು. ಇಂಗ್ಲೆಂಡಿನ ವಾಯುಪಡೆ ಅದನ್ನು ಕಾದಾಟಕ್ಕೆ ಕೊಳ್ಳಲಿಲ್ಲ. ಇಬ್ಬರು ಕೂರುವ ತರಬೇತಿಯ ರೂಪದಲ್ಲಿ ಮಾತ್ರ ತೆಗೆದುಕೊಂಡಿತು. ಭಾರತವು 1956ರಲ್ಲಿ ಒಪ್ಪಂದ ಮಾಡಿಕೊಂಡು ಒಬ್ಬನೇ ಕೂರುವ ಕಾದಾಟದ ರೂಪವನ್ನು ಬೆಂಗಳೂರಿನಲ್ಲಿ ಕಟ್ಟತೊಡಗಿತು. 1965ರ ಯುದ್ಧದಲ್ಲೂ, 1971ರ ನವೆಂಬರಿನಲ್ಲಿ ಬೊಯ್ರಾದ ಆಕಾಶದಲ್ಲೂ ಈ ಸೊಳ್ಳೆಯಂತಹ ವಿಮಾನ ಸೇಬರ್ ವಿಮಾನಗಳನ್ನು ಎದುರಿಸಿ ಹೆಸರು ಮಾಡಿತು. 1971ರ ಡಿಸೆಂಬರ್ 14ರಂದು ಶ್ರೀನಗರದಲ್ಲಿ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಪ್ರಾಣ ತೆತ್ತು ಪರಮವೀರಚಕ್ರಕ್ಕೆ ಪಾತ್ರರಾದದ್ದು ನ್ಯಾಟ್‌ನಲ್ಲಿಯೇ.

ಇಂಗ್ಲೆಂಡಿಗೆ ಹೋಗಿಬಂದ ಸಹೋದ್ಯೋಗಿಯೊಬ್ಬರು ತಾತನಿಗೆ ಏರ್‌ಫಿಕ್ಸಿನ ನ್ಯಾಟ್ ಮಾದರಿಯನ್ನು ತಂದುಕೊಟ್ಟಿದ್ದರಂತೆ. ಅದು ಇಂಗ್ಲೆಂಡಿನವರ ಇಬ್ಬರು ಕೂರುವ ನ್ಯಾಟ್. ಹಗಲೆಲ್ಲ ಒಬ್ಬನೇ ಕೂರುವ ವಿಮಾನಕ್ಕೆ ರಿವೆಟ್ಟು ಹೊಡೆಯುತ್ತಿದ್ದವರಿಗೆ ಇದು ಒಪ್ಪಿಗೆಯಾಗಲಿಲ್ಲ. ‘ಇದು ನಮ್ಮದಲ್ಲ’ ಎಂದು ಅವರು ಮೊದಲ ದಿನವೇ ಹೇಳಿದ್ದು ಅಜ್ಜಿಗೆ ಇಂದಿಗೂ ನೆನಪಿದೆ. ಅವರು ಗರಗಸದ ಸಣ್ಣ ಅಲಗನ್ನು ತೆಗೆದುಕೊಂಡು ಮಾದರಿಯ ಕತ್ತನ್ನು ಕೊಯ್ದರು, ಹಿಂದಿನ ಆಸನದ ಭಾಗವನ್ನು ತೆಗೆದರು. ತರಬೇತಿ ವಿಮಾನದ ರೆಕ್ಕೆ ದೊಡ್ಡದು. ಅದರ ತುದಿಗಳನ್ನೂ ಕತ್ತರಿಸಿ ಅರದಿಂದ ಉಜ್ಜಿದರು. ಅಲ್ಲಿಗೆ ನಿಂತಿತು. ಕಾರಣ ಡಬ್ಬಿಯೊಳಗೇ ಇತ್ತು. ಗೆರೆಕಾಗದದ ಮೇಲೆ ಸೀಸದಕಡ್ಡಿಯಿಂದ ಬರೆದ ಲೆಕ್ಕ: ಇಷ್ಟು ಅಡಿ, ಎಪ್ಪತ್ತೆರಡರಿಂದ ಭಾಗಿಸಿದರೆ ಇಷ್ಟು ಇಂಚು, ರೆಕ್ಕೆ, ಬಾಲ, ಒಡಲು, ಒಂದೊಂದರ ಮುಂದೆಯೂ ಉತ್ತರ. ಕೊನೆಯ ಸಾಲಿನಲ್ಲಿ ‘ಗಾಜಿನ ಕವಚ’ ಎಂದು ಬರೆದು ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಇಬ್ಬರಿಗಾಗಿ ಮಾಡಿದ ಕವಚವನ್ನು ಒಬ್ಬನಿಗೆ ಹೊಂದಿಸುವ ದಾರಿ ಅವರಿಗೆ ಹೊಳೆದಿರಲಿಲ್ಲ.

ಅವರು ತೀರಿಹೋದ ಮೇಲೆ ಅಜ್ಜಿ ಆ ಡಬ್ಬಿಯನ್ನು ನನ್ನ ಕೈಗಿಟ್ಟು, “ಇದನ್ನೇನು ಮಾಡ್ತೀಯೋ ಮಾಡಪ್ಪ. ನಾಳೆ ಕೂತ್ಕೋತೀನಿ ಅಂದು ಐವತ್ತು ವರ್ಷದ ಮೇಲಾಯ್ತು” ಎಂದರು.

ಸುಲಭವಾದ ದಾರಿಯೊಂದಿತ್ತು. ನ್ಯಾಟ್‌ನ ಬೇರೆ ಮಾದರಿಗಳು ಇಂದು ದೊರೆಯುತ್ತವೆ. ಒಂದು ವಾರದಲ್ಲಿ ತಾತನ ಡಬ್ಬಿಯಲ್ಲಿ ಹೊಸ ವಿಮಾನವನ್ನಿಡಬಹುದಾಗಿತ್ತು. ಇಂಗ್ಲೆಂಡಿನ ಅಜ್ಜಂದಿರೂ ಇದೇ ಕವಲಿನಲ್ಲಿ ನಿಲ್ಲುತ್ತಾರೆ. ಹಳೆಯ ಅಚ್ಚುಗಳಲ್ಲಿ ರಿವೆಟ್ಟುಗಳು ಮೊಡವೆಯಂತೆ ಉಬ್ಬಿರುತ್ತಿದ್ದವು, ರೆಕ್ಕೆಗೂ ಒಡಲಿಗೂ ಹೊಂದಿಕೆ ಅಷ್ಟಕ್ಕಷ್ಟೆ. ಇಂದು ಗಣಕಯಂತ್ರದ ನೆರವಿನಿಂದ ಮಾಡಿದ ಅಚ್ಚುಗಳಲ್ಲಿ ತಗಡಿನ ಕೂಡುಗೆರೆಗಳು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಕೆತ್ತಿರುತ್ತವೆ. ಹಣದ ಲೆಕ್ಕದಿಂದಾಗಲಿ ಸೊಗಸಿನ ಲೆಕ್ಕದಿಂದಾಗಲಿ ಹಳೆಯದನ್ನು ಮುಗಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೂ ಆ ಗೆರೆಕಾಗದವನ್ನು ಕಂಡ ಮೇಲೆ ಹೊಸದನ್ನು ತರುವುದಕ್ಕೆ ನನಗೆ ಮನಸ್ಸು ಬರಲಿಲ್ಲ.

ಕವಚದ ಪ್ರಶ್ನೆಗೆ ಹವ್ಯಾಸಿಗಳ ಹಳೆಯ ಉತ್ತರವೊಂದಿದೆ. ಬೇಕಾದ ಆಕಾರವನ್ನು ಮರದಲ್ಲಿ ಕೆತ್ತಿ ನುಣುಪು ಮಾಡಬೇಕು. ಹಲಗೆಯೊಂದರಲ್ಲಿ ಅದೇ ಆಕಾರಕ್ಕಿಂತ ತುಸು ದೊಡ್ಡದಾದ ತೂತನ್ನು ಕೊರೆದು, ಅದರ ಮೇಲೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಮೊಳೆಯಿಂದ ಬಿಗಿದು, ಶಾಖಕ್ಕೆ ಹಿಡಿದು, ಹಾಳೆ ಜೋಲತೊಡಗಿದೊಡನೆ ಕೆತ್ತಿದ ಮರವನ್ನು ಒಂದೇ ಸಲಕ್ಕೆ ಒತ್ತಬೇಕು. ನಾನು ಮರಕ್ಕಾಗಿ ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆಮರದ ತುಂಡನ್ನು ತಂದೆ. ಎಳೆ ಕಾಣದಷ್ಟು ನಯವಾದ ಮರವದು. ಚಾಕುವಿಗೆ ಬೆಣ್ಣೆಯಂತೆ ಬಗ್ಗುತ್ತದೆ. ಹಲವು ಹಾಳೆಗಳು ಸುಟ್ಟ ಹಪ್ಪಳದಂತಾದ ಮೇಲೆ ಒಂದು ಕವಚ ಒದಗಿತು, ಉದ್ದಿನಬೇಳೆಯ ಹೊಳಪಿನಷ್ಟು ತಿಳಿಯಾಗಿ.

ಆದರೆ ನಿಜವಾದ ಕಷ್ಟ ಅದಾಗಿರಲಿಲ್ಲ. ಬಲರೆಕ್ಕೆಯ ಅಡಿಯಲ್ಲಿ, ಅಂಟು ಹಸಿಯಾಗಿದ್ದಾಗ ತಾತನ ಹೆಬ್ಬೆರಳು ತಾಗಿ, ಅದರ ಗೆರೆಗಳು ಪ್ಲಾಸ್ಟಿಕ್ಕಿನಲ್ಲಿಯೇ ಮೂಡಿ ನಿಂತಿದ್ದವು. ಆ ಗುರುತನ್ನು ಅರೆಗಳಿಗೆಯಲ್ಲಿ ಉಜ್ಜಿ ತೆಗೆಯಬಹುದು. ತೆಗೆಯಬೇಕು ಎನ್ನುತ್ತದೆ ಕಸುಬು. ಸ್ವತಃ ತಾತನೇ ಆಗಿದ್ದರೆ ಅಂತಹ ಕಲೆಯನ್ನು ಒಂದು ದಿನವೂ ಸಹಿಸುತ್ತಿರಲಿಲ್ಲ. ಕಾರ್ಖಾನೆಯಲ್ಲಿ ರೆಕ್ಕೆಯ ಮೇಲೆ ಬೆರಳಚ್ಚು ಬಿಟ್ಟವನನ್ನು ಅವರು ಬೈದು ಕಳಿಸುತ್ತಿದ್ದವರು. ಬೇಡ ಎನ್ನುತ್ತದೆ ಇನ್ನೊಂದು ಮನಸ್ಸು.

ಹಳಗನ್ನಡದ ಓಲೆಗರಿಗಳೊಡನೆ ಒಡನಾಟವಿರುವ ನನಗೆ ಇದು ಅಪರಿಚಿತವಾದ ಸಂದಿಗ್ಧವಲ್ಲ. ಗರಿಯೊಂದು ಮುರಿದು ಪದ್ಯ ಅರ್ಧಕ್ಕೆ ನಿಂತಿರುತ್ತದೆ. ಛಂದಸ್ಸು ಬಲ್ಲವನು ಉಳಿದರ್ಧವನ್ನು ಕಟ್ಟಿ ತುಂಬಿಸಬಲ್ಲ. ತುಂಬಿಸಿದರೆ ಅದು ಕವಿಯದಾಯಿತೆ, ಸಂಪಾದಕನದಾಯಿತೆ? ಆದ್ದರಿಂದಲೇ ಒಳ್ಳೆಯ ಸಂಪಾದಕರು ತಾವು ಸೇರಿಸಿದ್ದನ್ನು ಆವರಣ ಚಿಹ್ನೆಯೊಳಗಿಟ್ಟು ತೋರಿಸುತ್ತಾರೆ. ಬಾಣಭಟ್ಟನು ಕಾದಂಬರಿಯನ್ನು ಮುಗಿಸದೆ ತೀರಿಕೊಂಡಾಗ ಅವನ ಮಗ ಅದನ್ನು ಪೂರೈಸಿದ. ಮಗನ ಭಾಗ ತಂದೆಯದಕ್ಕೆ ಸಮನಲ್ಲವೆಂದು ಪಂಡಿತರು ಶತಮಾನಗಳಿಂದ ಹೇಳುತ್ತಲೇ ಬಂದಿದ್ದಾರೆ. ಹೇಳಲಿ, ಅವನು ಬರೆಯದಿದ್ದರೆ ಕಾದಂಬರಿಯೂ ಚಂದ್ರಾಪೀಡನೂ ಇಂದಿಗೂ ಅಗಲಿಯೇ ಇರಬೇಕಾಗುತ್ತಿತ್ತು. ನಮ್ಮ ನಾಗವರ್ಮನಿಗೂ ಕನ್ನಡಕ್ಕೆ ತರಲು ಅರೆಗಥೆಯೇ ಉಳಿಯುತ್ತಿತ್ತು.

ಬಿರುಕುಗಳನ್ನು ನಾನು ಮುಚ್ಚಿದೆ. ಕೊಯ್ದ ಕತ್ತನ್ನು ಒಳಗಿನಿಂದ ಪಟ್ಟಿ ಕೊಟ್ಟು ಕೂಡಿಸಿದೆ. ಬೆಳ್ಳಿಯ ಬಣ್ಣ ಹಚ್ಚಿ, ಕೇಸರಿ ಬಿಳಿ ಹಸಿರಿನ ವೃತ್ತಗಳನ್ನು ಬರೆದೆ. ರೆಕ್ಕೆಯ ಅಡಿಯ ಬೆರಳಚ್ಚಿಗೆ ಉಪ್ಪುಕಾಗದ ತಾಗಿಸಲಿಲ್ಲ. ಬಣ್ಣದ ಕೆಳಗೂ ಅದರ ಗೆರೆಗಳು ತಿಳಿಯುತ್ತವೆ. ನೋಡಬೇಕಾದರೆ ವಿಮಾನವನ್ನು ಮಗುಚಬೇಕು. ಮಗುಚಿ ನೋಡುವವರು ಮನೆಯವರು ಮಾತ್ರ.

ಮುಗಿದ ವಿಮಾನವನ್ನು ಅಜ್ಜಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ರೆಕ್ಕೆಯಗಲ ನಾಲ್ಕು ಇಂಚೂ ಇಲ್ಲದ ವಸ್ತುವಿನಲ್ಲಿ ಅಷ್ಟು ಹೊತ್ತು ನೋಡುವುದೇನಿತ್ತೋ. ಅನಂತರ ಅದನ್ನು ಗೊಂಬೆಗಳ ಗಾಜಿನ ಬೀರುವಿನಲ್ಲಿಟ್ಟು, “ಹಾಗಾದರೆ ಇನ್ನು ಆ ಡಬ್ಬಿ ಬೇಡ ತಾನೆ? ಗುಂಡಿ ಹಾಕಿಟ್ಟುಕೊಳ್ತೀನಿ” ಎಂದರು.

ಉಳಿದ ಡಬ್ಬಿಗಳ ಪ್ರಶ್ನೆ

ಮುಗಿಯದ ಕೆಲಸ ಮನಸ್ಸನ್ನು ಏಕೆ ಕಾಡುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರೂ ವಿಚಾರಿಸಿದ್ದಾರೆ. ಬರ್ಲಿನ್ನಿನಲ್ಲಿ ಕುರ್ಟ್ ಲೆವಿನ್ ಎಂಬ ಪ್ರಾಧ್ಯಾಪಕರ ಬಳಿ ಕಲಿಯುತ್ತಿದ್ದ ಬ್ಲೂಮಾ ಜೈಗಾರ್ನಿಕ್ ಎಂಬಾಕೆ 1927ರಲ್ಲಿ, ಮುಗಿಸಿದ ಕೆಲಸಕ್ಕಿಂತ ನಡುವೆ ತಡೆದ ಕೆಲಸವೇ ಹೆಚ್ಚು ನೆನಪಿನಲ್ಲಿರುತ್ತದೆಂದು ಪ್ರಕಟಿಸಿದಳು. ಮುಂದೆ ಅದೇ ಪ್ರಯೋಗ ಮಾಡಿದ ಅನೇಕರಿಗೆ ಅದೇ ಫಲ ದೊರೆಯಲಿಲ್ಲ. ಅವಳ ಸಹಪಾಠಿ ಮರಿಯಾ ಒವ್ಸಿಯಾಂಕಿನಾ 1928ರಲ್ಲಿ ಕಂಡದ್ದು ಹೆಚ್ಚು ಗಟ್ಟಿಯಾಗಿ ನಿಂತಿದೆ. ಅದೇನೆಂದರೆ, ನಡುವೆ ತಡೆದ ಕೆಲಸವನ್ನು ಯಾರೂ ಹೇಳದೆಯೇ, ಯಾವ ಲಾಭವೂ ಇಲ್ಲದೆಯೇ, ಜನ ತಾವಾಗಿ ಮತ್ತೆ ಕೈಗೆತ್ತಿಕೊಳ್ಳುತ್ತಾರೆ. ಆಕೆಯ ಪ್ರಯೋಗದಲ್ಲಿ ತಡೆ ನಿಮಿಷಗಳ ಮಾತಾಗಿತ್ತು. ಅರ್ಧ ಶತಮಾನದ ತಡೆಯನ್ನು ಆಕೆ ನೆನೆಸಿರಲಾರಳು.

ಇಂಗ್ಲೆಂಡಿನ ಹವ್ಯಾಸಿಗಳ ಸಂಘ 1963ರಲ್ಲಿ ಹುಟ್ಟಿದ್ದು. ಇಂದು ಅದರ ಶಾಖೆಗಳು ಅನೇಕ ದೇಶಗಳಲ್ಲಿವೆ. ನವೆಂಬರಿನಲ್ಲಿ ಟೆಲ್ಫರ್ಡ್ ಪಟ್ಟಣದಲ್ಲಿ ನಡೆಯುವ ಅದರ ದೊಡ್ಡ ಪ್ರದರ್ಶನದಲ್ಲಿ ಮುಗಿದ ಮಾದರಿಗಳ ಸಾಲುಗಳ ಪಕ್ಕದಲ್ಲಿಯೇ ತೆರೆಯದ ಹಳೆಯ ಡಬ್ಬಿಗಳ ರಾಶಿಗಳೂ ಮಾರಾಟಕ್ಕಿರುತ್ತವೆ. ಅವುಗಳಲ್ಲಿ ಕೆಲವು ತೀರಿಹೋದ ಸದಸ್ಯರ ಮನೆಗಳಿಂದ ಬಂದವು. ಇದು ಆ ಹವ್ಯಾಸದ ಕಠಿಣವಾದ ಮುಖ. ಒಬ್ಬೊಬ್ಬರ ಬಳಿ ನೂರಾರು ಡಬ್ಬಿಗಳಿರುತ್ತವೆ. ವರ್ಷಕ್ಕೆ ಐದಾರನ್ನು ಮುಗಿಸಬಲ್ಲವನು ತನ್ನ ಕಪಾಟನ್ನು ನೋಡಿ ಗುಣಿಸಿದರೆ ಉತ್ತರ ತನ್ನ ಆಯುಸ್ಸನ್ನು ಮೀರುತ್ತದೆ. ಕಣ್ಣು ಮಂಜಾಗುತ್ತದೆ, ಬೆರಳು ನಡುಗುತ್ತದೆ. ಪತಿ ಹೋದ ಮೇಲೆ ಇವುಗಳಲ್ಲಿ ಯಾವುದಕ್ಕೆ ಬೆಲೆಯಿದೆ, ಯಾವುದಕ್ಕಿಲ್ಲವೆಂದು ತಿಳಿಯದೆ ಕುಳಿತ ಹೆಂಗಸಿಗೆ ಸಂಘದ ಗೆಳೆಯರು ಬಂದು, ವಿಂಗಡಿಸಿ, ಮಾರಿ, ಹಣವನ್ನು ತಲುಪಿಸುವುದು ಅಲ್ಲಿ ಒಂದು ಸಂಪ್ರದಾಯದಂತಾಗಿದೆ. ಆಗ ಅರ್ಧ ಕಟ್ಟಿದ ಮಾದರಿಗಳನ್ನು ಕೊಳ್ಳುವವರು ಸಿಗುವುದಿಲ್ಲ. ಡಬ್ಬಿ ತೆರೆದಿಲ್ಲವಾದರೆ ಬೆಲೆ, ಮುಗಿದಿದ್ದರೆ ಮೆಚ್ಚಿಗೆ, ನಡುವಿನದಕ್ಕೆ ಎರಡೂ ಇಲ್ಲ. ಅವು ಸಾಮಾನ್ಯವಾಗಿ ಗೆಳೆಯರ ಪಾಲಿಗೆ ಬರುತ್ತವೆ. ಗೆಳೆಯನು ಅದನ್ನು ಮುಗಿಸುತ್ತಾನೆ. ಹೇಗೆ? ಕೆಲವರು ತಮ್ಮ ಕೈ ಎಲ್ಲಿಯೂ ಕಾಣದಂತೆ, ಹೋದವನ ಶೈಲಿಯಲ್ಲಿಯೇ ಮುಗಿಸುವರು. ಅವನು ಕುಂಚದಿಂದ ಬಣ್ಣ ಹಚ್ಚುವವನಾಗಿದ್ದರೆ ತಾವೂ ಕುಂಚವನ್ನೇ ಹಿಡಿಯುವರು. ಕೆಲವರು ತಮಗೆ ತಿಳಿದ ಅತ್ಯುತ್ತಮ ರೀತಿಯಲ್ಲಿ ಮುಗಿಸುವರು. ನನಗೆ ಮೊದಲಿನವರ ಪಕ್ಷವೇ ಹಿತವಾದರೂ, ಎರಡನೆಯವರನ್ನು ತಪ್ಪೆನ್ನಲಾರೆ.

ಕಂಪನಿಗಳಿಗೂ ಈ ಗತಿ ತಪ್ಪಲಿಲ್ಲ. ಫ್ರಾಗ್ 1970ರ ದಶಕದಲ್ಲಿ ಮುಚ್ಚಿತು. ಅದರ ಅಚ್ಚುಗಳಲ್ಲಿ ಹೆಚ್ಚಿನವು ಸೋವಿಯತ್ ದೇಶಕ್ಕೆ ಹೋದವು. ಜರ್ಮನಿ ಮತ್ತು ಜಪಾನಿನ ಯುದ್ಧವಿಮಾನಗಳ ಅಚ್ಚುಗಳನ್ನು ಮಾತ್ರ ಅವರು ಬೇಡವೆಂದರು! ಏರ್‌ಫಿಕ್ಸ್ 1981ರಲ್ಲಿ ದಿವಾಳಿಯಾಗಿ, ಕೈಯಿಂದ ಕೈಗೆ ಬದಲಾಗಿ, 2006ರಲ್ಲಿ ಆಟಿಕೆ ರೈಲುಗಳಿಗೆ ಹೆಸರಾದ ಹಾರ್ನ್‌ಬಿ ಸಂಸ್ಥೆಯನ್ನು ಸೇರಿತು.

ನಿಮ್ಮ ಮನೆಯ ಅಟ್ಟದಲ್ಲೂ ಇಂತಹ ಡಬ್ಬಿಯೊಂದಿದ್ದರೆ, ಮುಗಿಯುವುದಕ್ಕೆ ಅತಿ ಹತ್ತಿರವಿರುವುದನ್ನು ಮೊದಲು ಹಿಡಿಯಿರಿ. ನಾಲ್ಕು ಎಂಜಿನಿನದನ್ನು ಕಡೆಗಿಡಿ. ಅಂಟು ಬಳಸುವಾಗ ಕಿಟಕಿ ತೆರೆದಿರಲಿ. ವಿಮಾನದ ಮೇಲೆ ಅಂಟಿಸುವ ಚಿತ್ರಗಳ ಹಾಳೆ ಹಳದಿಯಾಗಿದೆಯೆಂದು ಬಿಸಾಡಬೇಡಿ. ನೀರಿನಲ್ಲಿ ನೆನೆಸಿದಾಗ ಅವು ಚೂರುಚೂರಾಗದಂತೆ ಮೊದಲು ತೆಳುವಾಗಿ ಬಣ್ಣವಿಲ್ಲದ ವಾರ್ನಿಷನ್ನು ಸವರಿ ಒಣಗಿಸಬಹುದು. ಹಳದಿ ಹೋಗಲು, ಹಾಳೆಯನ್ನು ಪಾರದರ್ಶಕ ಚೀಲದಲ್ಲಿಟ್ಟು, ಚಿತ್ರಗಳ ಮುಖ ಹೊರಗಿರುವಂತೆ ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಅಂಟಿಸಿಡಬೇಕು. ಇಂಗ್ಲೆಂಡಿನ ಮೋಡದ ಬಿಸಿಲಿನಲ್ಲಿ ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆಂದು ಬರೆಯುತ್ತಾರೆ. ನಮ್ಮ ವೈಶಾಖದ ಬಿಸಿಲಿಗೆ ಅಷ್ಟು ದಿನ ಬಿಟ್ಟರೆ ಕೆಂಪೂ ನೀಲಿಯೂ ಹಾರಿಹೋದಾವು. ನಾಲ್ಕು ದಿನಕ್ಕೊಮ್ಮೆ ತೆಗೆದು ನೋಡುತ್ತಿರಿ.